ಮ್ಯಾಗ್ನೆಟ್ ಹಾಸಿಗೆ ತೆಗೆದುಕೊಳ್ಳಬೇಕಾ? ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಬದಿಯಡ್ಕದಿಂದ ಹಿಡಿದು ಅಕ್ಕಲಕೋಟೆಯವರೆಗೆ ಯಾರೋ ಮ್ಯಾಗ್ನೆಟ್ ಮಾರುತ್ತಾ ತಿರುಗುತ್ತಿದ್ದಾರೆ ಅಂತ ಕಾಣುತ್ತದೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕಲಿಸಿದ್ದು ಭೌತಶಾಸ್ತ್ರ, ನಾನು ಡಾಕ್ಟರಲ್ಲ. ಅಯಸ್ಕಾಂತ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಹೇಳಬಲ್ಲೆ. ನಿಮ್ಮ ಮದ್ದು ಯಾವುದು ಅಂತ ಹೇಳಬೇಕಾದವರು ನಿಮ್ಮ ಡಾಕ್ಟರು.

ಪ್ರಶ್ನೆ: ಮಾಷ್ಟ್ರೇ, ನಮ್ಮ ಊರಿನ ಹಾಲ್‌ನಲ್ಲಿ ಮ್ಯಾಗ್ನೆಟ್ ಹಾಸಿಗೆಯ ಡೆಮೋ ಇತ್ತು. ರಕ್ತದಲ್ಲಿ ಕಬ್ಬಿಣ ಇದೆ, ಮ್ಯಾಗ್ನೆಟ್ ಅದನ್ನು ಎಳೆದು ರಕ್ತ ಸಂಚಾರ ಜಾಸ್ತಿ ಮಾಡುತ್ತದೆ ಅಂದರು. ನನ್ನ ಅತ್ತೆಯವರಿಗೆ ಮಂಡಿನೋವು, ಅವರಿಗೆ ಆಸೆ ಹುಟ್ಟಿದೆ. ಬೆಲೆ ಲಕ್ಷದ ಮೇಲೆ. ಇಬ್ಬರನ್ನು ಸೇರಿಸಿದರೆ ಕಮಿಷನ್ ಬರುತ್ತದಂತೆ. ಮಾರುತ್ತಿರುವವರು ನಮ್ಮ ಭಾವನೇ, ಬೇಡ ಅನ್ನಲು ಸಂಕೋಚ. ಏನು ಮಾಡಲಿ?
(ಬದಿಯಡ್ಕದ ಹತ್ತಿರದ ಓದುಗರು)

ತೆಗೆದುಕೊಳ್ಳಬೇಡಿ. ಕಾರಣ ಹೇಳುತ್ತೇನೆ, ಭಾವನಿಗೂ ಓದಿ ಹೇಳಬಹುದು.

ರಕ್ತದಲ್ಲಿ ಕಬ್ಬಿಣ ಇದೆ, ಅದು ಸುಳ್ಳಲ್ಲ. ದೊಡ್ಡವರ ಇಡೀ ಮೈಯಲ್ಲಿ ಸುಮಾರು 3ರಿಂದ 4 ಗ್ರಾಂ. ಆದರೆ ಅದು ಮೊಳೆಯ ಕಬ್ಬಿಣದ ಹಾಗೆ ಗಟ್ಟಿಯಾಗಿ ಒಂದೆಡೆ ಇಲ್ಲ. ಹೆಚ್ಚಿನದು ಹಿಮೋಗ್ಲೋಬಿನ್ ಒಳಗೆ ಒಂಟಿ ಒಂಟಿ ಅಣುವಾಗಿ ಸಿಕ್ಕಿಕೊಂಡಿದೆ. ಮೊಳೆಯನ್ನು ಮ್ಯಾಗ್ನೆಟ್ ಎಳೆಯುವುದು ಅದರೊಳಗಿನ ಕೋಟಿಗಟ್ಟಲೆ ಅಣುಗಳು ಒಟ್ಟಾಗಿ ಒಂದೇ ದಿಕ್ಕಿಗೆ ತಿರುಗಿ ನಿಲ್ಲುವುದರಿಂದ. ಒಂಟಿ ಅಣುಗಳಿಗೆ ಆ ಒಗ್ಗಟ್ಟು ಎಲ್ಲಿಂದ ಬರಬೇಕು? ಇನ್ನೂ ತಮಾಷೆ ಅಂದರೆ ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಎಳೆಯುವುದೇ ಇಲ್ಲ, ಗೊತ್ತಾಗದಷ್ಟು ಸಣ್ಣದಾಗಿ ದೂರ ತಳ್ಳುತ್ತದೆ! ಆಮ್ಲಜನಕ ಬಿಟ್ಟುಕೊಟ್ಟ ರಕ್ತವನ್ನು ಮಾತ್ರ ಸ್ವಲ್ಪ ಎಳೆಯುತ್ತದೆ, ಅದೂ ಲೆಕ್ಕಕ್ಕೆ ಬಾರದಷ್ಟು. ಇದನ್ನು 1936ರಲ್ಲೇ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಎಂಬಿಬ್ಬರು ಅಳೆದು ತೋರಿಸಿದ್ದಾರೆ.

ನಂಬಿಕೆ ಬಾರದಿದ್ದರೆ ಎಂಆರ್‌ಐ ನೆನೆಸಿಕೊಳ್ಳಿ. ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದವರು ನಿಮ್ಮ ಮನೆಯಲ್ಲೇ ಇರಬಹುದು. ಆ ಯಂತ್ರದ ಅಯಸ್ಕಾಂತ 1.5 ಟೆಸ್ಲಾ ಇಲ್ಲವೇ 3 ಟೆಸ್ಲಾ. ಟೆಸ್ಲಾ, ಗಾಸ್ ಎರಡೂ ಅಯಸ್ಕಾಂತದ ಬಲ ಅಳೆಯುವ ಮಾನಗಳು. ಹಾಸಿಗೆ ಮಾರುವವರು ದೊಡ್ಡದಾಗಿ ಹೇಳುವ 1000 ಗಾಸ್ ಅಂದರೆ 0.1 ಟೆಸ್ಲಾ, ಅಷ್ಟೇ. ಮ್ಯಾಗ್ನೆಟ್ ರಕ್ತವನ್ನು ಎಳೆಯುವುದು ನಿಜವಾಗಿದ್ದರೆ ಎಂಆರ್‌ಐ ಕೊಳವೆಗೆ ಹೋದವರು ಯಾರೂ ಜೀವಂತ ಹೊರಗೆ ಬರುತ್ತಿರಲಿಲ್ಲ. ಅರ್ಧ ಗಂಟೆ ಮಲಗಿ ಎದ್ದು ಬಂದು ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತಾರೆ. ಮಂಡಿನೋವೂ ಹಾಗೇ ಇರುತ್ತದೆ, ಅಲ್ವಾ?

ಆ 0.1 ಟೆಸ್ಲಾ ಕೂಡ ಮ್ಯಾಗ್ನೆಟ್‌ನ ಮೈಗೆ ತಾಗಿದ ಜಾಗದ ಲೆಕ್ಕ. ಸಣ್ಣ ಮ್ಯಾಗ್ನೆಟ್‌ನ ಬಲ ದೂರ ಹೋದಂತೆ ಬಲು ಬೇಗ ಇಳಿಯುತ್ತದೆ. ಸ್ವಲ್ಪ ಆಚೆ ಹೋದ ಮೇಲೆ, ದೂರ ಎರಡು ಪಟ್ಟಾದರೆ ಬಲ ಎಂಟರಲ್ಲಿ ಒಂದು ಪಾಲು. ಇದನ್ನು ಮನೆಯಲ್ಲೇ ನೋಡಬಹುದು. ಡೆಮೋದವರ ಮ್ಯಾಗ್ನೆಟ್ ಒಂದನ್ನು ತೆಗೆದುಕೊಂಡು ಟವೆಲ್ಲಿನ ಒಂದು ಮಡಿಕೆಯ ಕೆಳಗಿಡಿ, ಮೇಲೆ ಗುಂಡುಸೂಜಿ ಇಟ್ಟು ಅಲುಗಾಡಿಸಿ. ಆಮೇಲೆ ನಾಲ್ಕು ಮಡಿಕೆ, ಎಂಟು ಮಡಿಕೆ. ಸೂಜಿಗೇ ಗೊತ್ತಾಗದ ಬಲ ಹಾಸಿಗೆಯ ಹತ್ತಿ, ಬೆಡ್‌ಶೀಟ್, ಸೀರೆ, ಚರ್ಮ ಎಲ್ಲ ದಾಟಿ ಮಂಡಿಯೊಳಗೆ ಹೋಗಿ ಏನು ಕೆಲಸ ಮಾಡೀತು?

ನೀವು ಬರೆದಿಲ್ಲ, ಆದರೆ ಡೆಮೋದಲ್ಲಿ ಕೈ ಒತ್ತುವ ಆಟವೂ ಇದ್ದಿರಬೇಕು. ಒಬ್ಬರನ್ನು ಕೈ ಚಾಚಿ ನಿಲ್ಲಿಸುತ್ತಾರೆ, ಕೈಯನ್ನು ಕೆಳಗೆ ಒತ್ತುತ್ತಾರೆ, ಅವರು ವಾಲಿಬಿಡುತ್ತಾರೆ. ಆಮೇಲೆ ಮ್ಯಾಗ್ನೆಟ್ ಪ್ಯಾಡಿನ ಮೇಲೆ ನಿಲ್ಲಿಸಿ ಒತ್ತಿದರೆ ಬಂಡೆಯ ಹಾಗೆ ನಿಂತಿರುತ್ತಾರೆ. ಚಪ್ಪಾಳೆ! ಗುಟ್ಟು ಇರುವುದು ಒತ್ತುವವನ ಕೈಯಲ್ಲಿ. ಮೊದಲ ಸಲ ಸ್ವಲ್ಪ ಹೊರಕ್ಕೆ, ದೇಹದಿಂದ ದೂರಕ್ಕೆ ಒತ್ತುತ್ತಾನೆ, ಎಂಥವರೂ ಬೀಳುತ್ತಾರೆ. ಎರಡನೇ ಸಲ ನೇರ ಕಾಲಿನ ಕಡೆಗೆ ಒತ್ತುತ್ತಾನೆ. ಎರಡನೇ ಸಲಕ್ಕೆ ನಿಂತವರೂ ತಯಾರಾಗಿರುತ್ತಾರೆ. ಭಾವನಿಗೆ ಇಷ್ಟು ಹೇಳಿ: ಒಂದೇ ಥರದ ಎರಡು ಚೀಲ ತನ್ನಿ, ಒಂದರಲ್ಲಿ ಮಾತ್ರ ಮ್ಯಾಗ್ನೆಟ್ ಇರಲಿ, ಯಾವುದರಲ್ಲಿ ಅಂತ ಒತ್ತುವವರಿಗೂ ಗೊತ್ತಿರಬಾರದು, ನಿಲ್ಲುವವರಿಗೂ ಗೊತ್ತಿರಬಾರದು. ಬೇರೆ ಯಾರಾದರೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಆಮೇಲೆ ಒತ್ತಿ ನೋಡಿ. ಆಟ ಅಲ್ಲಿಗೇ ಮುಗಿಯುತ್ತದೆ.

ಕಮಿಷನ್ ವಿಷಯ. ನೇರ ಮಾರಾಟಕ್ಕೆ ಕೇಂದ್ರ ಸರಕಾರ 2021ರಲ್ಲಿ ನಿಯಮ ತಂದಿದೆ. ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಪಿರಮಿಡ್ ಲೆಕ್ಕಾಚಾರ ಅದರ ಪ್ರಕಾರ ತಪ್ಪು. ಈಗಾಗಲೇ ಹಣ ಕೊಟ್ಟವರಿದ್ದರೆ ಬಿಲ್ಲು, ಕಾಗದ ಎಲ್ಲ ತೆಗೆದಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲಿ. ಇನ್ನು ಸಂಕೋಚದ ಮಾತು. ನನಗೆ ಅನಿಸುವುದು, ಭಾವನೂ ಲಕ್ಷ ಕೊಟ್ಟು ಸಿಕ್ಕಿಬಿದ್ದಿದ್ದಾನೆ, ಈಗ ಅದನ್ನು ವಾಪಸು ಪಡೆಯಲು ನೆಂಟರ ಮನೆ ಮನೆ ತಿರುಗುತ್ತಿದ್ದಾನೆ. ನೀವು ತೆಗೆದುಕೊಂಡರೆ ನಾಳೆ ನೀವು ನಿಮ್ಮ ತಂಗಿಯ ಮನೆಗೆ ಹೋಗಬೇಕು. "ಮಾಷ್ಟ್ರು ಬೇಡ ಅಂದರು" ಅಂತ ನನ್ನ ಮೇಲೆ ಹಾಕಿ. ನನಗೇನೂ ತೊಂದರೆ ಇಲ್ಲ.

ಪ್ರಶ್ನೆ: ಅಜ್ಜ ಮ್ಯಾಗ್ನೆಟ್ ಬಳೆ ಹಾಕಿಕೊಂಡ ಮೇಲೆ ಕೈ ನೋವು ಕಡಿಮೆ ಅಂತಾರೆ. ಅಜ್ಜ ಸುಳ್ಳು ಹೇಳುವ ಜನ ಅಲ್ಲ. ಹಾಗಾದರೆ?
(ಕುಂಬಳೆ)

ಅಜ್ಜ ಸುಳ್ಳು ಹೇಳುತ್ತಿಲ್ಲ. ನೋವು ಕಡಿಮೆ ಆಗಿರಬಹುದು. ಸಂಧಿ ನೋವು ಏರುತ್ತದೆ, ಇಳಿಯುತ್ತದೆ, ಅದರ ಗುಣವೇ ಹಾಗೆ. ನಾವು ಬಳೆ ಹುಡುಕಿಕೊಂಡು ಹೋಗುವುದು ನೋವು ತುದಿಗೇರಿದಾಗ. ಅಲ್ಲಿಂದ ಮುಂದೆ ಅದು ಹೇಗೂ ಸ್ವಲ್ಪ ಇಳಿಯಬೇಕು. ಇಳಿದಾಗ ಕೈಯಲ್ಲಿ ಏನಿರುತ್ತದೋ ಅದಕ್ಕೆ ಹೆಸರು. ಜೊತೆಗೆ ಗುಣವಾಗುತ್ತದೆ ಎಂಬ ನಂಬಿಕೆ ಬಂದರೇ ನೋವು ಎಷ್ಟೋ ಹಗುರ ಅನಿಸುತ್ತದೆ, ಅದೂ ನಿಜವಾದದ್ದೇ.

ಇದರ ಪರೀಕ್ಷೆ ಹಳೆಯ ಕಥೆ. ಫ್ರಾನ್ಸ್ ಆಂಟನ್ ಮೆಸ್ಮರ್ ಎಂಬ ವೈದ್ಯ 1774ರ ಹೊತ್ತಿಗೆ ವಿಯೆನ್ನಾದಲ್ಲಿ ಅಯಸ್ಕಾಂತ ಇಟ್ಟು ಚಿಕಿತ್ಸೆ ಶುರು ಮಾಡಿದ. ಆಮೇಲೆ ಅಯಸ್ಕಾಂತವೇ ಬೇಡ, ನನ್ನ ಮೈಯಲ್ಲೇ ಆ ಶಕ್ತಿ ಇದೆ ಅಂದ. ಪ್ಯಾರಿಸ್‌ಗೆ ಹೋದ, ದೊಡ್ಡ ದೊಡ್ಡವರೆಲ್ಲ ಅವನ ಕೋಣೆಯಲ್ಲಿ ಕೂತು ನಡುಗಿ, ಅತ್ತು, ಗುಣವಾಯಿತು ಅಂತ ಹೊರಗೆ ಬಂದರು. 1784ರಲ್ಲಿ ರಾಜ ಹದಿನಾರನೇ ಲೂಯಿ ಇದನ್ನು ಪರೀಕ್ಷಿಸಲು ಆಯೋಗ ನೇಮಿಸಿದ. ಅದರಲ್ಲಿ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದರು, ರಸಾಯನಶಾಸ್ತ್ರದ ಲವಾಸಿಯೇ ಇದ್ದರು. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಏಪ್ರಿಕಾಟ್ ಮರಕ್ಕೆ ಮೆಸ್ಮರನ ಶಿಷ್ಯ ಶಕ್ತಿ ತುಂಬಿದ. ಅವನೇ ಆರಿಸಿ ತಂದ ಹನ್ನೆರಡು ವರ್ಷದ ಹುಡುಗನಿಗೆ ಕಣ್ಣು ಕಟ್ಟಿ ಒಂದೊಂದೇ ಮರ ಅಪ್ಪಿಕೊಳ್ಳಲು ಹೇಳಿದರು. ಹುಡುಗ ನಾಲ್ಕನೇ ಮರದ ಹತ್ತಿರ ಮೂರ್ಛೆ ಹೋದ. ಶಕ್ತಿ ತುಂಬಿದ ಮರ ಅದಾಗಿರಲಿಲ್ಲ, ಅಲ್ಲಿಗೆ ಅವನು ಇನ್ನೂ ತಲುಪಿಯೇ ಇರಲಿಲ್ಲ! ಹುಡುಗ ನಾಟಕ ಆಡಿದ ಅಂತಲ್ಲ, ಅವನಿಗೆ ನಿಜವಾಗಿಯೂ ತಲೆ ತಿರುಗಿರಬೇಕು.

ಬಳೆಯ ಮೇಲೂ ಇಂಥದೇ ಪರೀಕ್ಷೆಗಳು ನಡೆದಿವೆ. 2004ರಲ್ಲಿ ಇಂಗ್ಲೆಂಡಿನಲ್ಲಿ 194 ಜನರ ಮೇಲೆ ನಡೆದ ಒಂದರಲ್ಲಿ ಮ್ಯಾಗ್ನೆಟ್ ಬಳೆಗೆ ಸ್ವಲ್ಪ ಗುಣ ಕಂಡಿತು. ಅದನ್ನು ಮುಚ್ಚಿಡಬಾರದು. ಆದರೆ ತೊಡಕೊಂದಿದೆ. ಬಳೆಯನ್ನು ಬೀಗದ ಕೀಲಿಗೆ ತಾಗಿಸಿದರೆ ಅಂಟುತ್ತದೋ ಇಲ್ಲವೋ ಗೊತ್ತಾಗುತ್ತದೆ, ಅಸಲಿ ಯಾವುದು ನಕಲಿ ಯಾವುದು ಅಂತ ರೋಗಿಯೇ ಪತ್ತೆ ಮಾಡಬಹುದು. ಆಮೇಲೆ ಯಾರ್ಕ್‌ನ ಸಂಶೋಧಕರು ಆಮವಾತದ (ಸಂಧಿಗಳು ಊದಿ ನೋಯುವ ಕಾಯಿಲೆ) 70 ಜನರಿಗೆ ಬಲವಾದ ಮ್ಯಾಗ್ನೆಟ್ ಪಟ್ಟಿ, ದುರ್ಬಲ ಪಟ್ಟಿ, ಮ್ಯಾಗ್ನೆಟ್ ಇಲ್ಲದ ಪಟ್ಟಿ, ತಾಮ್ರದ ಬಳೆ, ನಾಲ್ಕನ್ನೂ ಸರದಿಯಲ್ಲಿ ಐದೈದು ವಾರ ಹಾಕಿಸಿದರು. 2013ರಲ್ಲಿ ಫಲ ಪ್ರಕಟವಾಯಿತು. ನಾಲ್ಕರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಅಜ್ಜನ ಕೈಯಿಂದ ಬಳೆ ಬಿಚ್ಚಿಸಲು ಹೋಗಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಇಲ್ಲ, ಡಾಕ್ಟರ ಮಾತ್ರೆ ಬಿಟ್ಟಿಲ್ಲ ಅಂತಾದರೆ ಇರಲಿ ಬಿಡಿ. ಇನ್ನೊಂದು ಜಾಸ್ತಿ ಬೆಲೆಯ ಬಳೆ ತರುತ್ತೇನೆ ಅಂದರೆ ಮಾತ್ರ ತಡೆಯಿರಿ.

ಪ್ರಶ್ನೆ: ಸರ್, ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ. ಮ್ಯಾಗ್ನೆಟ್ ಮೇಲೆ ಇಟ್ಟ ನೀರು ದಿನಾ ಕುಡಿದರೆ ಮಾತ್ರೆ ಬಿಡಬಹುದು ಅಂತ ಒಬ್ಬರು ಹೇಳ್ಯಾರ. ಬಿಡಬಹುದೇನ್ರಿ?
(ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ)

ಬಿಡಬಾರದು. ಒಂದು ಹೊತ್ತಿನದೂ ಬಿಡಬಾರದು.

ನೀರು ಮ್ಯಾಗ್ನೆಟ್ ಆಗುವ ವಸ್ತುವೇ ಅಲ್ಲ. ಅಯಸ್ಕಾಂತದ ಹತ್ತಿರ ಇಟ್ಟರೆ ಅತಿ ಸಣ್ಣದಾಗಿ ದೂರ ಸರಿಯಲು ನೋಡುತ್ತದೆ, ತೆಗೆದ ಕೂಡಲೇ ಅದೂ ಇಲ್ಲ. ಲೋಟಕ್ಕೆ ಬಗ್ಗಿಸುವಾಗ ಅದು ಬರೀ ನೀರು. ಕುಡಿಯಲಿ, ನೀರು ಒಳ್ಳೆಯದೇ. ಆದರೆ ಮಾತ್ರೆ ಬಿಟ್ಟರೆ ಸಕ್ಕರೆ ಏರುವುದು ಮೈಗೆ ಕೂಡಲೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಎಲ್ಲಕ್ಕೂ ಪೆಟ್ಟು ಬಿದ್ದಿರುತ್ತದೆ. ಮಂಡಿನೋವಿಗೆ ಹಾಸಿಗೆ ಮಾರುವವನು ಹಣ ಮಾತ್ರ ತಿನ್ನುತ್ತಾನೆ, ಇಂಥವನು ಜೀವ ತಿನ್ನುತ್ತಾನೆ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇನೆ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇಡೀ ದೇಶದಲ್ಲಿ ನಿಷೇಧಿಸಿದೆ. ಕೈಗೆ ಅವರ ಕರಪತ್ರ ಸಿಕ್ಕಿದರೆ ಇಟ್ಟುಕೊಳ್ಳಿ, ದೂರು ಕೊಡಲು ಅದೇ ಸಾಕ್ಷಿ.

ಪ್ರಶ್ನೆ: ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಭೂಮಿಯ ಅಯಸ್ಕಾಂತ ಮೆದುಳಿಗೆ ರಕ್ತ ಎಳೆಯುತ್ತದೆ ಅನ್ನುವುದು ವಿಜ್ಞಾನವಾ?
(ಆದೋನಿ)

ಅಲ್ಲ. ಭೂಮಿಯ ಅಯಸ್ಕಾಂತ ಬಲ ಜಾಗ ನೋಡಿಕೊಂಡು 25ರಿಂದ 65 ಮೈಕ್ರೋಟೆಸ್ಲಾ. ಮೈಕ್ರೋಟೆಸ್ಲಾ ಅಂದರೆ ಟೆಸ್ಲಾದ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ಕಡೆ ಸುಮಾರು 40 ಅಂತ ಇಟ್ಟುಕೊಳ್ಳಿ. 1.5 ಟೆಸ್ಲಾದ ಎಂಆರ್‌ಐ ಅದಕ್ಕಿಂತ ಮೂವತ್ತೇಳು ಸಾವಿರ ಪಟ್ಟು ಜಾಸ್ತಿ, ಅದರೊಳಗೆ ತಲೆ ಇಟ್ಟವರಿಗೂ ರಕ್ತ ತಲೆಗೆ ನುಗ್ಗುವುದಿಲ್ಲ. ಹಿರಿಯರು ಬೇಡ ಅಂದಿದ್ದಾರೆ ಅಂತ ದಕ್ಷಿಣಕ್ಕೆ ಮಲಗಿ, ಅದು ಸಂಪ್ರದಾಯ, ನನ್ನ ತಕರಾರಿಲ್ಲ. ಅದಕ್ಕೆ ಅಯಸ್ಕಾಂತದ ಅಂಗಿ ತೊಡಿಸುವುದು ಬೇಡ. ಅಂದ ಹಾಗೆ ಭೂಮಿಯ ಅಯಸ್ಕಾಂತಕ್ಕೂ ನಮ್ಮ ಕೇರಳಕ್ಕೂ ಒಂದು ಒಳ್ಳೆಯ ಸಂಬಂಧ ಇದೆ. ತಿರುವನಂತಪುರದ ತುಂಬಾ ಎಂಬ ಮೀನುಗಾರರ ಊರು ಕಾಂತೀಯ ಸಮಭಾಜಕದ (ಭೂಮಿಯ ಅಯಸ್ಕಾಂತ ಬಲ ನೆಲಕ್ಕೆ ಸಮಾನಾಂತರವಾಗಿರುವ ಗೆರೆ) ಹತ್ತಿರ ಇದೆ ಎಂಬ ಕಾರಣಕ್ಕೇ ಅಲ್ಲಿ ರಾಕೆಟ್ ಕೇಂದ್ರ ಬಂತು. 1963ರ ನವೆಂಬರ್ 21ಕ್ಕೆ ಮೊದಲ ರಾಕೆಟ್ ಹಾರಿದ್ದು ಅಲ್ಲಿಂದಲೇ.

ಪ್ರಶ್ನೆ: ನನ್ನ ತಂಗಿಗೆ ತುಂಬಾ ದಿನದಿಂದ ಖಿನ್ನತೆ. ಎರಡು ಮೂರು ಥರದ ಮಾತ್ರೆ ಆಯಿತು, ಅಷ್ಟೇನೂ ಉಪಯೋಗ ಆಗಲಿಲ್ಲ. ಈಗ ಬೆಂಗಳೂರಿನ ಡಾಕ್ಟರು ತಲೆಗೆ ಮ್ಯಾಗ್ನೆಟ್ ಚಿಕಿತ್ಸೆ ಅಂತಿದ್ದಾರೆ. ಇದೂ ಹಾಸಿಗೆಯವರ ಥರದ್ದೇನಾ ಅಂತ ಅಮ್ಮನಿಗೆ ಭಯ.
(ಹೊಸೂರು)

ಅಮ್ಮನಿಗೆ ಧೈರ್ಯ ಹೇಳಿ, ಇದು ಬೇರೆಯೇ.

ಅಲುಗಾಡದೆ ಸುಮ್ನೆ ಕೂತ ಮ್ಯಾಗ್ನೆಟ್ ಮೈಯಲ್ಲಿ ವಿದ್ಯುತ್ ಹುಟ್ಟಿಸುವುದಿಲ್ಲ. ಬಲ ಬದಲಾಗುತ್ತಾ ಇದ್ದರೆ ಹುಟ್ಟುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು, ನಮ್ಮ ಮನೆಗೆ ಕರೆಂಟು ಬರುವುದೂ ಅದೇ ತತ್ವದಿಂದ. ತಂಗಿಗೆ ಹೇಳಿರುವುದು ಟಿಎಂಎಸ್ ಎಂಬ ಚಿಕಿತ್ಸೆ ಇರಬೇಕು. ತಲೆಯ ಮೇಲೆ ತಂತಿಯ ಸುರುಳಿ ಹಿಡಿದು ಅದರಲ್ಲಿ ಕ್ಷಣದ ಸಣ್ಣ ಪಾಲಿನಷ್ಟು ಹೊತ್ತು ಭಾರೀ ಕರೆಂಟು ಹರಿಸುತ್ತಾರೆ. ಆಗ ಒಂದೂವರೆ, ಎರಡು ಟೆಸ್ಲಾದಷ್ಟು ಬಲ ಎದ್ದು ಬೀಳುತ್ತದೆ, ತಲೆಬುರುಡೆಯನ್ನು ದಾಟಿ ಮೆದುಳಿನ ಮೇಲ್ಪದರದಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅಲ್ಲಿನ ನರಕೋಶ ಎಚ್ಚೆತ್ತುಕೊಳ್ಳುತ್ತದೆ. ಕಣ್ಣಾರೆ ಕಾಣುವ ಸಾಕ್ಷಿ ಇದೆ: ಮೆದುಳಿನಲ್ಲಿ ಕೈಗೆ ಸಂಬಂಧಿಸಿದ ಜಾಗದ ಮೇಲೆ ಸುರುಳಿ ಹಿಡಿದರೆ ಆಚೆ ಬದಿಯ ಬೆರಳು ತನ್ನಷ್ಟಕ್ಕೆ ಜಿಗಿಯುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಜೊತೆಗಾರರು 1985ರಲ್ಲಿ ಇದನ್ನು ಮಾಡಿ ತೋರಿಸಿದರು. ಖಿನ್ನತೆಗೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಒಪ್ಪಿಗೆ ಕೊಟ್ಟಿತು. ನಿಮಗೆ ಹತ್ತಿರದ ನಿಮ್ಹಾನ್ಸ್‌ನಲ್ಲೂ ಇದು ಇದೆ.

ಅರಿವಳಿಕೆ ಬೇಕಿಲ್ಲ, ಎಚ್ಚರವಾಗಿಯೇ ಕೂತಿರಬಹುದು. ಟಕ ಟಕ ಸದ್ದು ಜೋರಾಗಿರುತ್ತದೆ, ಕಿವಿಗೆ ಪ್ಲಗ್ ಹಾಕುತ್ತಾರೆ. ತಲೆನೋವು ಬರಬಹುದು. ಫಿಟ್ಸ್ ಬರುವ ಸಾಧ್ಯತೆ ಅಪರೂಪ, ಆದರೆ ಇದೆ. ಹಾಗಾಗಿ ಹಿಂದೆ ಫಿಟ್ಸ್ ಬಂದಿದ್ದರೆ, ತಲೆಯೊಳಗೆ ಲೋಹದ ಕ್ಲಿಪ್, ಕಿವಿಯೊಳಗೆ ಇಂಪ್ಲಾಂಟ್ ಇದ್ದರೆ ಮೊದಲೇ ಹೇಳಿ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕಾಗುತ್ತದೆ. ದಿನಾ ಬಸ್ಸಿನಲ್ಲಿ ಓಡಾಡುವುದು ಆಗುತ್ತದಾ, ಬೆಂಗಳೂರಿನಲ್ಲಿ ನೆಂಟರ ಮನೆ ಇದೆಯಾ ಅಂತ ಈಗಲೇ ಯೋಚಿಸಿ. ಎಲ್ಲರಿಗೂ ಗುಣ ಕಾಣುವುದಿಲ್ಲ. ಮಾತ್ರೆ ಮುಂದುವರಿಸಬೇಕಾ ಅಂತ ಅವರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ದನ ತಂತಿಯ ತುಂಡು ನುಂಗಿದೆ ಅಂತ ಸಂಶಯ. ಹೊಟ್ಟೆಗೆ ಮ್ಯಾಗ್ನೆಟ್ ಹಾಕುವುದುಂಟು ಅಂತ ಯಾರೋ ಹೇಳಿದರು. ಇದೂ ಮೋಸವಾ ಮಾಷ್ಟ್ರೇ?
(ಮುಳ್ಳೇರಿಯ)

ಇದು ಮೋಸ ಅಲ್ಲ ಮಾರಾಯ್ರೆ, ಮ್ಯಾಗ್ನೆಟ್ ಚಿಕಿತ್ಸೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ!

ದನ ಮೇವನ್ನು ಆರಿಸಿ ತಿನ್ನುವುದಿಲ್ಲ, ನಾಲಗೆಯಲ್ಲಿ ಬಾಚಿ ನುಂಗಿಬಿಡುತ್ತದೆ. ಹುಲ್ಲಿನ ಜೊತೆ ಹೋದ ಮೊಳೆ, ಬೇಲಿ ತಂತಿ ಭಾರಕ್ಕೆ ಎರಡನೇ ಹೊಟ್ಟೆಯಲ್ಲಿ ಇಳಿದು ಕೂರುತ್ತದೆ. ಅದರ ಎದುರಿಗೇ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆ, ವಪೆಯ ಆಚೆ ಹೃದಯ. ಹೊಟ್ಟೆ ಹಿಂಡಿದಾಗಲೆಲ್ಲ ಮೊನೆ ಮುಂದೆ ಮುಂದೆ ಹೋಗುತ್ತದೆ. ದನ ಮೇವು ಬಿಡುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ಒಪ್ಪುವುದಿಲ್ಲ, ಹಾಲು ಕಡಿಮೆಯಾಗುತ್ತದೆ. ಇದಕ್ಕೆ ಬೆರಳು ಗಾತ್ರದ ನಯವಾದ ಮ್ಯಾಗ್ನೆಟ್ ಒಂದನ್ನು ಬಾಯಿಯ ಮೂಲಕ ನುಂಗಿಸುತ್ತಾರೆ. ಅದೂ ಅದೇ ಹೊಟ್ಟೆಗೆ ಹೋಗಿ, ಬಿದ್ದ ಕಬ್ಬಿಣವನ್ನೆಲ್ಲ ಮೈಗೆ ಅಂಟಿಸಿಕೊಂಡು ಸಾಯುವವರೆಗೆ ಅಲ್ಲೇ ಇರುತ್ತದೆ. ಕೆಲಸ ಮಾಡುವುದು ಕಬ್ಬಿಣದ ಮೇಲೆ, ಅದೂ ತಾಗುವಷ್ಟು ಹತ್ತಿರದಲ್ಲಿ. ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ನುಂಗಿದ್ದರೆ ಇದರಿಂದ ಏನೂ ಆಗದು. ತಂತಿ ಆಗಲೇ ಚುಚ್ಚಿ ಆಚೆ ಹೋಗಿದ್ದರೆ ಆಪರೇಷನ್ ಬೇಕಾದೀತು. ನಿಮ್ಮದು ಕಾಸರಗೋಡು ಗಿಡ್ಡ ಎಂಬ ಸಣ್ಣ ಗಾತ್ರದ ತಳಿ ಆಗಿದ್ದರೆ ಗಾತ್ರದ ಪ್ರಶ್ನೆಯೂ ಉಂಟು. ಇವತ್ತೇ ಮೃಗಾಸ್ಪತ್ರೆಯ ಡಾಕ್ಟರನ್ನು ಕರೆಸಿ, ನೀವಾಗಿ ನುಂಗಿಸಬೇಡಿ.

ಪ್ರಶ್ನೆ: ಅಪ್ಪನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಮನೆಯಲ್ಲಿ ಮ್ಯಾಗ್ನೆಟ್ ಇರಬಾರದಾ?
(ಮಂಜೇಶ್ವರ)

ಮನೆಯಲ್ಲಿ ಇರಬಹುದು, ಎದೆಯ ಹತ್ತಿರ ಬೇಡ. ಪೇಸ್‌ಮೇಕರಿನ ಮೇಲೆ ಬಲವಾದ ಮ್ಯಾಗ್ನೆಟ್ ಬಂದರೆ ಅದು ಹೃದಯದ ತಾಳ ನೋಡುವುದನ್ನು ಬಿಟ್ಟು ಒಂದೇ ಲಯದಲ್ಲಿ ಬಡಿಸಲು ಶುರು ಮಾಡುತ್ತದೆ. ಅದನ್ನು ಹಾಗೆಯೇ ತಯಾರು ಮಾಡಿರುವುದು, ಆಸ್ಪತ್ರೆಯಲ್ಲಿ ಡಾಕ್ಟರು ಬೇಕೆಂದೇ ಮ್ಯಾಗ್ನೆಟ್ ಇಟ್ಟು ಪರೀಕ್ಷೆ ಮಾಡುವುದೂ ಉಂಟು. ದೂರ ತೆಗೆದರೆ ಸರಿಹೋಗುತ್ತದೆ. ಹೃದಯದ ತಾಳ ಅಪಾಯಕ್ಕೆ ಹೋದಾಗ ಶಾಕ್ ಕೊಡುವ ಐಸಿಡಿ ಎಂಬ ಸಾಧನ ಆಗಿದ್ದರೆ ವಿಷಯ ಗಂಭೀರ, ಮ್ಯಾಗ್ನೆಟ್ ಇರುವಷ್ಟು ಹೊತ್ತು ಅದು ಬೇಕಾದಾಗಲೂ ಶಾಕ್ ಕೊಡದೆ ಇರಬಹುದು. ಮ್ಯಾಗ್ನೆಟ್ ಇರುವ ಫೋನ್, ಇಯರ್‌ಫೋನ್ ಡಬ್ಬಿ, ಸ್ಪೀಕರ್ ಎಲ್ಲ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ ದೂರ ಇರಲಿ. ಅಂಗಿಯ ಎದೆ ಕಿಸೆಯಲ್ಲಿ ಫೋನ್ ಇಡುವ ಅಭ್ಯಾಸ ಬಿಡಿಸಿ. ಮ್ಯಾಗ್ನೆಟ್ ಸರ, ಬೆಲ್ಟ್, ಹಾಸಿಗೆ ಯಾವುದೂ ಬೇಡ.

ಪ್ರಶ್ನೆ: ಮೊಮ್ಮಗ ಆಟದ ಸಾಮಾನಿನ ಸಣ್ಣ ಗುಂಡು ಮ್ಯಾಗ್ನೆಟ್ ಬಾಯಿಗೆ ಹಾಕುತ್ತಾನೆ. ನುಂಗಿದರೆ ಹಾಗೇ ಹೊರಗೆ ಬರುತ್ತದಾ?
(ಉಪ್ಪಳ)

ಕಾಯುತ್ತಾ ಕೂರಬೇಡಿ. ಎರಡು ನುಂಗಿದರೆ ಕರುಳಿನ ಬೇರೆ ಬೇರೆ ಸುತ್ತಿನಲ್ಲಿದ್ದರೂ ಒಂದನ್ನೊಂದು ಎಳೆದುಕೊಂಡು ನಡುವಿನ ಕರುಳನ್ನು ಹಿಚುಕುತ್ತವೆ, ತೂತೇ ಬೀಳಬಹುದು. ಹೊಟ್ಟೆನೋವು ಇಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ತೆಗೆಸಿ. ಆ ಆಟದ ಸಾಮಾನನ್ನು ಇವತ್ತೇ ಮನೆಯಿಂದ ಹೊರಗೆ ಹಾಕಿ.

ಪ್ರಶ್ನೆ: ಎಲ್ಲವನ್ನೂ ಬೇಡ ಅನ್ನುವುದು ಸುಲಭ. ಮಂಡಿನೋವಿಗೆ ಮತ್ತೇನು ಮಾಡಬೇಕು ಅಂತಲೂ ಹೇಳಿ.
(ನೀರ್ಚಾಲು)

ನ್ಯಾಯವಾದ ಮಾತು. ಡಾಕ್ಟರ್ ಗೆಳೆಯರೊಬ್ಬರನ್ನು ಕೇಳಿ ಬರೆಯುತ್ತಿದ್ದೇನೆ. ಸವೆತದ ಮಂಡಿನೋವಿಗೆ ಮೊದಲ ಮದ್ದು ತೊಡೆಯ ಸ್ನಾಯು ಗಟ್ಟಿ ಮಾಡುವುದು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಮಾಡಿ, ಹತ್ತು ಎಣಿಸುವವರೆಗೆ ಹಿಡಿದು, ಮೆಲ್ಲ ಇಳಿಸಿ. ಎರಡೂ ಕಾಲಿಗೆ, ದಿನಾ. ಮೊದಲ ವಾರ ಏನೂ ಅನಿಸುವುದಿಲ್ಲ, ಬಿಡಬೇಡಿ. ತೂಕ ಜಾಸ್ತಿ ಇದ್ದರೆ ಇಳಿಸಿ, ಒಂದು ಕಿಲೋ ಇಳಿದರೆ ನಡೆಯುವಾಗ ಮಂಡಿಗೆ ಪ್ರತಿ ಹೆಜ್ಜೆಗೂ ನಾಲ್ಕು ಕಿಲೋ ಹೊರೆ ತಪ್ಪುತ್ತದೆ. ಬಿಸಿ ಶಾಖ ಕೊಡಿ, ನೋವಿನ ಜೆಲ್ ಹಚ್ಚಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆ ಮತ್ತು ಮೂತ್ರಪಿಂಡ ಹಾಳಾಗುತ್ತದೆ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ಜ್ವರ ಬಂದರೆ, ಕಾಲು ಮಡಚಲು ಬಾರದೆ ಸಿಕ್ಕಿಕೊಂಡರೆ ಡಾಕ್ಟರ ಹತ್ತಿರ ಹೋಗಿ.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ವಿಷಯ ಉಂಟು. ಅಡಿಕೆ ಸುಲಿಯುವಾಗ ಮಂಡಿ ಪೂರ್ತಿ ಮಡಚಿ ನೆಲಮಟ್ಟದಲ್ಲಿ ಗಂಟೆಗಟ್ಟಲೆ ಕೂರುತ್ತೇವೆ. ಬಚ್ಚಲಲ್ಲಿ, ಪಾಯಿಖಾನೆಯಲ್ಲಿಯೂ ಕುಕ್ಕರುಗಾಲು. ಸುಲಿಯಲು ಎತ್ತರದ ಸ್ಟೂಲು ಮಾಡಿಸಿ, ನಡುನಡುವೆ ಎದ್ದು ಓಡಾಡಿ. ಪಾಯಿಖಾನೆಗೆ ಕಮೋಡ್ ಹಾಕಿಸಿ, ಪಕ್ಕದ ಗೋಡೆಗೆ ಹಿಡಿದು ಏಳಲು ಒಂದು ಸರಳು ಬಿಗಿಸಿ. ಲಕ್ಷದ ಹಾಸಿಗೆಯ ಹಣದಲ್ಲಿ ಇದೆಲ್ಲ ಆಗಿ ಫಿಸಿಯೋಥೆರಪಿಗೂ ಉಳಿಯುತ್ತದೆ.